ಹಳೇ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಎಣ್ಣೆಯನ್ನು ಮನೆಯಲ್ಲೇ ಬದಲಿಸಬಹುದಾ?

ನೀವು ಕೊಪ್ಪಳದಿಂದ ಕೇಳಿದ್ದೀರಿ. 2010ರ ಹೋಂಡಾ ಸಿಟಿ ಆಟೋಮ್ಯಾಟಿಕ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 1,10,000 ಕಿ.ಮೀ. ಓಡಿದೆ. ಗೇರ್‌ಬಾಕ್ಸ್ ಎಣ್ಣೆ, ಅಂದರೆ ಎಟಿಎಫ್, ಹಿಂದಿನವರು ಬದಲಿಸಿದ್ದರೋ ಇಲ್ಲವೋ ಗೊತ್ತಿಲ್ಲ. ಮನೆಯಲ್ಲೇ ಮಾಡಬಹುದಾ, ಮಾಡಿದರೆ ಗೇರ್‌ಬಾಕ್ಸ್ ಕೆಡುತ್ತದೆ ಅಂತಾರಲ್ಲ, ನಿಜವಾ ಅನ್ನೋದು ಪ್ರಶ್ನೆ.

ಮಾಡಬಹುದು. ನನ್ನದು 2009ರ ಸಿಟಿ, ನಿಮ್ಮದೇ ಗೇರ್‌ಬಾಕ್ಸ್, 5 ಗೇರಿನದು. ಬಳ್ಳಾರಿಯಲ್ಲಿ ಮನೆ ಮುಂದೆಯೇ ಮೂರು ಸಲ ಬದಲಿಸಿದ್ದೇನೆ. ಬೋಲ್ಟ್ ಬಿಚ್ಚಿ ಎಣ್ಣೆ ಇಳಿಸುವುದು ಏನೂ ಕಷ್ಟವಲ್ಲ. ಎಡವೋದು ಕೊನೆಯಲ್ಲಿ, ಲೆವೆಲ್ ನೋಡುವಾಗ. ಮೊದಲ ಸಲ ನಾನು ಅಲ್ಲೇ ಎಡವಿದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಆ ಹೆದರಿಕೆಯ ವಿಷಯ. ನಮ್ಮ ಓಣಿಯ ಗ್ಯಾರೇಜಿನ ಚಾಚಾ ಕೂಡ ಹಾಗೇ ಹೇಳಿದ್ದರು: "ಅದನ್ನ ಮುಟ್ಟಬ್ಯಾಡಪ್ಪ, ಹೆಂಗೈತೋ ಹಂಗ ಓಡ್ಲಿ ಬಿಡು." ಅವರು ಸುಮ್ನೆ ಹೇಳುವವರಲ್ಲ, ಹಾಗೆ ಕೆಟ್ಟ ಗಾಡಿಗಳನ್ನು ಕಣ್ಣಾರೆ ಕಂಡವರು. ಆದರೆ ಜನ ಎಣ್ಣೆ ಬದಲಿಸಲು ಓಡುವುದು ಯಾವಾಗ? ಗೇರ್ ಜಾರಲು ಶುರುವಾದ ಮೇಲೆ, ಅಲ್ವಾ? ಈ ಗೇರ್‌ಬಾಕ್ಸ್ ಒಳಗೆ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲೇ ಮುಳುಗಿರುತ್ತವೆ, ಎಣ್ಣೆಯ ಒತ್ತಡವೇ ಅವನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತದೆ. ಪ್ಲೇಟಿನ ಮೇಲಿನ ಪದರ ಸವೆದು ಹೋದ ಮೇಲೆ ಎಂಥ ಎಣ್ಣೆ ಹಾಕಿದರೂ ಅದು ವಾಪಸ್ ಬರುವುದಿಲ್ಲ. ಹೇಗೂ ನಿಲ್ಲಲಿದ್ದ ಗಾಡಿ ಎಣ್ಣೆ ಬದಲಿಸಿದ ವಾರಕ್ಕೆ ನಿಲ್ಲುತ್ತದೆ, ಹೆಸರು ಹೊಸ ಎಣ್ಣೆಗೆ ಬರುತ್ತದೆ.

ಹಾಗಾಗಿ ಎಣ್ಣೆ ಕೊಳ್ಳುವ ಮೊದಲು ಗಾಡಿಯನ್ನು ಪರೀಕ್ಷೆ ಮಾಡಿ. ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಡಿ-ಗೆ ಹಾಕಿ. ಒಂದೆರಡು ಸೆಕೆಂಡಿನಲ್ಲಿ ಗೇರ್ ಹಿಡಿಯಬೇಕು. ರಿವರ್ಸ್ ಕೂಡ ಹಾಗೇ. ಓಡಿಸುವಾಗ ಎಂಜಿನ್ ಜೋರಾಗಿ ಕೂಗಿ ಗಾಡಿ ಮಾತ್ರ ಅಷ್ಟಕ್ಕೆ ಮುಂದೆ ಹೋಗದಿದ್ದರೆ ಗೇರ್ ಜಾರುತ್ತಿದೆ ಎಂದೇ ಅರ್ಥ. ಡಿಪ್‌ಸ್ಟಿಕ್, ಅಂದರೆ ಗೇರ್‌ಬಾಕ್ಸ್ ಎಣ್ಣೆಯ ಮಟ್ಟ ಅಳೆಯುವ ಕಡ್ಡಿ, ಎಳೆದು ಮೂಸಿ ನೋಡಿ. ಹೊಸ ಎಣ್ಣೆ ಕೆಂಪಗಿರುತ್ತದೆ, ಹಳೆಯದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅಲ್ಲಿವರೆಗೆ ಚಿಂತೆ ಇಲ್ಲ. ಕಪ್ಪಾಗಿ ಸುಟ್ಟ ವಾಸನೆ ಬಂದು ಗೇರೂ ಜಾರುತ್ತಿದ್ದರೆ ಮನೆಯಲ್ಲಿ ಕೈ ಹಾಕಬೇಡಿ, ಗೇರ್‌ಬಾಕ್ಸ್ ಕೆಲಸ ಗೊತ್ತಿರುವವರ ಹತ್ತಿರ ಹೋಗಿ. ಗೇರ್ ಸರಿಯಾಗಿ ಬೀಳುತ್ತಿದ್ದರೆ ಬದಲಿಸಿ, ಏನೂ ಆಗುವುದಿಲ್ಲ.

ಎಣ್ಣೆ ಯಾವುದು ಅನ್ನುವುದರಲ್ಲಿ ಮಾತ್ರ ರಾಜಿ ಬೇಡ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಹೋಂಡಾ ಎಟಿಎಫ್ ಝಡ್-1 ಅಂತ ಇರಬಹುದು. ಅದರ ಜಾಗಕ್ಕೆ ಬಂದದ್ದು ಡಿಡಬ್ಲ್ಯೂ-1, ಅದನ್ನೇ ಕೇಳಿ, ಬಿಲ್ ತಗೊಳ್ಳಿ. "ಎಲ್ಲಾ ಆಟೋಮ್ಯಾಟಿಕ್‌ಗೂ ನಡೀತೈತಿ ಸಾರ್" ಎಂದು ಅಂಗಡಿಯವರು ಕೊಡುವ ಡಬ್ಬಿ ಬೇಡ. ಸಿವಿಟಿ, ಅಂದರೆ ಗೇರಿನ ಬದಲು ಬೆಲ್ಟಿನ ಮೇಲೆ ನಡೆಯುವ ಆಟೋಮ್ಯಾಟಿಕ್, ಗಾಡಿಯ ಎಣ್ಣೆಯೂ ಬೇರೆ, ಅದನ್ನು ಇದಕ್ಕೆ ಬೆರೆಸುವ ಹಾಗಿಲ್ಲ. ಇಲ್ಲೇ ಇನ್ನೊಂದು ಮಾತು, ಬೇರೆ ಓದುವವರಿಗೆ: ಸೆಲೆರಿಯೋ ಥರದ ಎಎಂಟಿ ಗಾಡಿಗಳಿಗೆ ಈ ಉತ್ತರ ಅನ್ವಯಿಸುವುದಿಲ್ಲ. ಅವು ಒಳಗೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸ ಮಾತ್ರ ಮೆಷಿನ್ ಮಾಡುತ್ತದೆ.

ಒಂದು ಸಲಕ್ಕೆ ಸುಮಾರು ಎರಡೂವರೆ ಲೀಟರ್ ಇಳಿಯುತ್ತದೆ. ಒಳಗಿರುವುದು ಒಟ್ಟು ಐದೂವರೆ ಲೀಟರ್ ಸುತ್ತ. ಉಳಿದದ್ದು ಹೆಚ್ಚಾಗಿ ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗದ ಒಳಗೆ ಕೂತಿರುತ್ತದೆ, ಬೋಲ್ಟ್ ಬಿಚ್ಚಿದರೆ ಬರುವುದಿಲ್ಲ. ಹೀಗಾಗಿ ಒಂದು ಸಲಕ್ಕೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಹೊಸದಾಗುತ್ತದೆ. ಮೂರು ಸಲ ಮಾಡಿದರೆ ನೂರಕ್ಕೆ 80ರಷ್ಟು. ಮೆಷಿನ್ ಹಚ್ಚಿ ಒಂದೇ ಏಟಿಗೆ ಎಲ್ಲಾ ತೊಳೆದು ಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಇತಿಹಾಸ ಗೊತ್ತಿಲ್ಲದ ಹಳೇ ಗಾಡಿಗೆ ನಾನಂತೂ ಅದನ್ನು ಮಾಡಿಸುವುದಿಲ್ಲ. ಈಗೊಂದು ಸಲ, ಎರಡು ಸಾವಿರ ಕಿ.ಮೀ. ಆದ ಮೇಲೆ ಇನ್ನೊಂದು ಸಲ, ಆಮೇಲೆ ಮತ್ತೊಂದು ಸಲ. ನಿಧಾನಕ್ಕೆ ಬದಲಾಗಲಿ.

ಇನ್ನು ಕೆಲಸ. ಗಾಡಿಯನ್ನು ಹತ್ತು ನಿಮಿಷ ಓಡಿಸಿ ತಂದು ನಿಲ್ಲಿಸಿ, ಕೈ ಸುಡದಷ್ಟು ಆರಲಿ. ಮುಂದಿನ ಭಾಗ ಎತ್ತಿ ಎರಡೂ ಕಡೆ ಸ್ಟ್ಯಾಂಡ್ ಕೊಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಹಿಂದಿನ ಗಾಲಿಗೆ ಕಲ್ಲು ಇಡಿ. ಬರೀ ಜಾಕ್ ಮೇಲೆ ನಂಬಿಕೆ ಇಟ್ಟು ಕೆಳಗೆ ಹೋಗಬೇಡಿ. ಸಿಮೆಂಟ್ ಬ್ಲಾಕ್ ಸ್ಟ್ಯಾಂಡ್ ಅಲ್ಲ, ಹೇಳದೇ ಕೇಳದೇ ಒಡೆಯುತ್ತದೆ.

ಬಿಚ್ಚುವ ಮೊದಲು ಡಿಪ್‌ಸ್ಟಿಕ್ ಸುತ್ತ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ನಮ್ಮ ಕಡೆ ಸಂಡೂರಿನ ಅದಿರಿನ ಧೂಳು ಬಾನೆಟ್ ಒಳಗೆಲ್ಲ ಕೂತಿರುತ್ತದೆ. ಎಣ್ಣೆಯೂ ಕೆಂಪು, ಧೂಳೂ ಕೆಂಪು, ಒಳಗೆ ಬಿದ್ದರೆ ಗೊತ್ತೂ ಆಗುವುದಿಲ್ಲ. ಹೊಸ ಎಣ್ಣೆ ಹಾಕುವುದೂ ಇದೇ ತೂತಿನಿಂದ. ಅದಕ್ಕೇ ಹಳೆಯದನ್ನು ಇಳಿಸುವ ಮೊದಲೇ ಡಿಪ್‌ಸ್ಟಿಕ್ ಹೊರಗೆ ಬರುತ್ತದಾ, ಲಾಳಿಕೆಯ ಪೈಪು ಅಲ್ಲಿಗೆ ಮುಟ್ಟುತ್ತದಾ ನೋಡಿಕೊಳ್ಳಿ.

ಗೇರ್‌ಬಾಕ್ಸ್ ಗಾಡಿಯ ಎಡಭಾಗದಲ್ಲಿದೆ. ಎಣ್ಣೆ ಇಳಿಸುವ ಅದರ ಡ್ರೇನ್ ಬೋಲ್ಟಿಗೆ ಪಾನಾ ಹಾಕುವ ತಲೆ ಇಲ್ಲ, ನಡುವೆ 3/8 ಇಂಚಿನ ಚೌಕ ತೂತಿದೆ. ರ‍್ಯಾಚೆಟ್ಟಿನ ತುದಿ ಸಾಕೆಟ್ ಇಲ್ಲದೆ ನೇರ ಅದರೊಳಗೆ ಕೂರುತ್ತದೆ. ಇದು ಒಳ್ಳೆ ಗುರುತು. 17ರ ಪಾನಾ ಹಿಡಿಯುತ್ತಿದೆ ಅಂದರೆ ನೀವು ಎಂಜಿನ್ ಆಯಿಲ್ ಬೋಲ್ಟಿಗೆ ಕೈ ಹಾಕಿದ್ದೀರಿ, ನಿಲ್ಲಿಸಿ. ಎಂಜಿನ್ ಆಯಿಲ್ ಎಲ್ಲಾ ಇಳಿಸಿ, ಅದು ಗೊತ್ತಾಗದೆ ಗೇರ್‌ಬಾಕ್ಸಿಗೆ ಮೇಲಿಂದ ಮತ್ತೆ ಎಣ್ಣೆ ಸುರಿದವರೂ ಇದ್ದಾರೆ.

ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇದೆ. ಅದಕ್ಕೆ ಬೂದು ಬಣ್ಣದ ಗಂಜಿಯ ಥರದ್ದು ಮೆತ್ತಿರುತ್ತದೆ, ಅದು ಸಹಜ ಸವೆತ. ಬೆರಳಿಗೆ ಚುಚ್ಚುವಂಥ ಲೋಹದ ಚೂರುಗಳಿದ್ದರೆ ಸಹಜವಲ್ಲ. ಒರೆಸಿ, ಹೊಸ ವಾಷರ್ ಹಾಕಿ ಬಿಗಿ ಮಾಡಿ. ಬಿಗಿಯ ಲೆಕ್ಕ 49 ನ್ಯೂಟನ್ ಮೀಟರ್. ಬಿಗಿ ಅಳೆಯುವ ಟಾರ್ಕ್ ಪಾನಾ ಇಲ್ಲದಿದ್ದರೆ ಗ್ಯಾರೇಜಿನಿಂದ ಒಂದು ಗಂಟೆಗೆ ಕೇಳಿ ತನ್ನಿ. ಬೋಲ್ಟ್ ಕೂರುವುದು ಅಲ್ಯುಮಿನಿಯಂನಲ್ಲಿ, ಟಾಮಿ (ಉದ್ದ ಕಬ್ಬಿಣದ ಸರಳು) ಹಾಕಿ ತಿರುವಿದರೆ ಒಳಗಿನ ಥ್ರೆಡ್‌ಗಳು ಕಿತ್ತು ಬರುತ್ತವೆ.

ಇಳಿದ ಎಣ್ಣೆಯನ್ನು ಅಳೆಯಿರಿ. ಖಾಲಿ ಲೀಟರ್ ನೀರಿನ ಬಾಟಲಿ ಸಾಕು. ಆರಿದ ಮೇಲೆ ಅಳೆಯಬೇಕು, ಬಿಸಿ ಎಣ್ಣೆ ಉಬ್ಬಿರುತ್ತದೆ. ಎಷ್ಟು ಇಳಿಯಿತೋ ಅಷ್ಟೇ ಹಾಕಿ. ಆ ತೂತು ಸಣ್ಣದು, ಎಣ್ಣೆ ಸಾವಕಾಶ ಇಳಿಯುತ್ತದೆ. ನಾನು ಪಕ್ಕದಲ್ಲಿ ಒಗ್ಗಾಣಿ ಮಿರ್ಚಿ ತಟ್ಟೆ ಇಟ್ಟುಕೊಂಡು ಕೂತಿದ್ದೆ, ತಟ್ಟೆ ಖಾಲಿ ಆದರೂ ಎಣ್ಣೆ ಖಾಲಿ ಆಗಿರಲಿಲ್ಲ.

ಈಗ ಆ ಲೆವೆಲ್ ಕಥೆ. ಮೊದಲ ಸಲ ನಾನು ಯಾವುದೋ ವಿಡಿಯೋ ನೋಡಿ ಎಂಜಿನ್ ಚಾಲೂ ಇಟ್ಟೇ ಡಿಪ್‌ಸ್ಟಿಕ್ ನೋಡಿದೆ. ಬಹಳ ಗಾಡಿಗಳಿಗೆ ಅದೇ ಸರಿ. ಈ ಹೋಂಡಾಗೆ ಮಾತ್ರ ಎಂಜಿನ್ ಬಂದ್ ಮಾಡಿ ನೋಡಬೇಕು. ಚಾಲೂ ಇದ್ದಾಗ ಪಂಪು ಎಣ್ಣೆಯನ್ನು ಮೇಲೆ ಎಳೆದುಕೊಂಡಿರುತ್ತದೆ, ಡಿಪ್‌ಸ್ಟಿಕ್‌ನಲ್ಲಿ ಕಡಿಮೆ ಕಾಣುತ್ತದೆ. ಕಡಿಮೆ ಇದೆ ಅಂತ ನಾನು ಮುಕ್ಕಾಲು ಲೀಟರ್ ಜಾಸ್ತಿ ಸುರಿದೆ. ಮಾರನೇ ದಿನ ಹೊಸಪೇಟೆಗೆ ಹೊರಟೆ. ತೋರಣಗಲ್ಲು ದಾಟುವಷ್ಟರಲ್ಲಿ ಗೇರ್ ಒಂದು ಥರ ತಡವರಿಸಲು ಶುರು ಮಾಡಿತು. ಬಾನೆಟ್ ಎತ್ತಿದರೆ ಗೇರ್‌ಬಾಕ್ಸ್ ಮೇಲೆಲ್ಲ ಎಣ್ಣೆ ಜಿನುಗಿತ್ತು. ಎಣ್ಣೆ ಹೆಚ್ಚಾದರೆ ಗೇರುಗಳು ಅದನ್ನು ಮಜ್ಜಿಗೆಯ ಹಾಗೆ ಕಡೆದು ನೊರೆ ಎಬ್ಬಿಸುತ್ತವೆ, ನೊರೆಯಿಂದ ಒತ್ತಡ ಹುಟ್ಟುವುದಿಲ್ಲ. ವಾಪಸ್ ಬಂದು ಮೆಡಿಕಲ್ ಅಂಗಡಿಯಿಂದ ದೊಡ್ಡ ಸಿರಿಂಜ್, ಸಲೈನ್ ಪೈಪ್ ತಂದು ಡಿಪ್‌ಸ್ಟಿಕ್ ತೂತಿನಿಂದ ಹೆಚ್ಚಾದದ್ದನ್ನು ಎಳೆದು ತೆಗೆದೆ. ಪುಣ್ಯಕ್ಕೆ ಏನೂ ಕೆಟ್ಟಿರಲಿಲ್ಲ.

ಸರಿಯಾದ ಕ್ರಮ ಇದು. ಗಾಡಿ ಸಮತಟ್ಟು ನೆಲದ ಮೇಲೆ ಇರಬೇಕು, ಸ್ಟ್ಯಾಂಡ್ ಮೇಲಲ್ಲ. ಸ್ಟಾರ್ಟ್ ಮಾಡಿ ಬ್ರೇಕ್ ಒತ್ತಿಕೊಂಡು ಪಿ, ಆರ್, ಎನ್, ಡಿ ಒಂದೊಂದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ಪಿ-ಗೆ ವಾಪಸ್ ತನ್ನಿ. ಎಸಿ ಬಂದ್ ಇರಲಿ, ಇಲ್ಲದಿದ್ದರೆ ಫ್ಯಾನು ಎಸಿಗೇ ತಿರುಗಿ ನಿಮ್ಮ ಲೆಕ್ಕ ತಪ್ಪುತ್ತದೆ. ರೇಡಿಯೇಟರ್ ಫ್ಯಾನು ಎರಡು ಸಲ ತಿರುಗಿ ನಿಲ್ಲುವವರೆಗೆ ಕಾಯಿರಿ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಇದಕ್ಕೆ ಹೆಚ್ಚು ಹೊತ್ತು ಬೇಡ. ಎಂಜಿನ್ ಬಂದ್ ಮಾಡಿ. 60 ಸೆಕೆಂಡ್ ಬಿಟ್ಟು, 90 ಸೆಕೆಂಡಿನೊಳಗೆ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಹಾಕಿ ಎಳೆದು ನೋಡಿ. ತಡ ಮಾಡಿದರೆ ಮೇಲಿದ್ದ ಎಣ್ಣೆ ಕೆಳಗಿಳಿದು ಜಾಸ್ತಿ ತೋರಿಸುತ್ತದೆ. ಎರಡು ಗುರುತುಗಳ ನಡುವೆ ಇದ್ದರೆ ಸಾಕು, ಮೇಲಿನ ಗುರುತು ದಾಟಬಾರದು. ಕಡಿಮೆ ಇದ್ದರೆ ನೂರು ಮಿಲಿ ಹಾಕಿ ಮತ್ತೆ ನೋಡಿ.

ಹಳೇ ಎಣ್ಣೆಯನ್ನು ಚರಂಡಿಗೆ ಚೆಲ್ಲಬೇಡಿ. ಅದೇ ಬಾಟಲಿಗಳಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಹಳೇ ಆಯಿಲ್ ಒಯ್ಯುವವರು ಅಲ್ಲಿಗೆ ಬರುತ್ತಾರೆ. ರಾತ್ರಿ ಗಾಡಿಯ ಕೆಳಗೆ ಒಂದು ಹಳೇ ಪೇಪರ್ ಹಾಸಿ. ಬೆಳಿಗ್ಗೆ ಅದರ ಮೇಲೆ ಕೆಂಪು ಹನಿ ಇಲ್ಲದಿದ್ದರೆ ವಾಷರ್ ಸರಿಯಾಗಿ ಕೂತಿದೆ, ಇನ್ನು ಎರಡು ಸಾವಿರ ಕಿ.ಮೀ. ಆಗುವವರೆಗೆ ಆ ಕಡೆ ತಲೆ ಹಾಕಬೇಕಿಲ್ಲ.