ಸಿಡಿ4 ನಾರ್ಮಲ್ ಬಂದರೆ ಸಾಕಾ?

ಪ್ರಶ್ನೆ: ಆರು ವರ್ಷದ ಮಗನಿಗೆ ಎರಡು ಸಲ ನಿಮೋನಿಯಾ ಆಯಿತು. ಡಾಕ್ಟರ್ ಟಿ ಕೋಶಗಳ ಪರೀಕ್ಷೆ ಬರೆದುಕೊಟ್ಟರು. ಸಿಡಿ3, ಸಿಡಿ4, ಸಿಡಿ8 ನಾರ್ಮಲ್. ಸಿಡಿ45ಆರ್‌ಎ ಜಾಸ್ತಿ, ಸಿಡಿ45ಆರ್‌ಒ ಕಡಿಮೆ. ಸಿಡಿ4 ಅಂತ ನೋಡಿ ನಮ್ಮತ್ತೆ ಎಚ್‌ಐವಿ ಇರಬಹುದಾ ಎಂದು ಹೆದರಿದ್ದಾರೆ. ನಾರ್ಮಲ್ ಅಂದರೆ ರೋಗನಿರೋಧಕ ಶಕ್ತಿ ಸರಿಯಿದೆ ಅಂತಲೇ ಅಲ್ವಾ?
– ಓದುಗರು, ಡೊಂಬಿವಲಿ

ಉತ್ತರ: ಮೊದಲು ಅತ್ತೆಯವರಿಗೆ ಧೈರ್ಯ ಹೇಳಿ. ಟಿ ಕೋಶ ಅಂದರೆ ರೋಗಾಣುಗಳ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ; ಸಿಡಿ ನಂಬರ್‌ಗಳು ಕೋಶದ ಮೈಮೇಲಿನ ಪ್ರೋಟೀನ್‌ಗಳ ಹೆಸರು. ಸಿಡಿ4 ಎಲ್ಲರಲ್ಲೂ ಇರುವ ಪ್ರೋಟೀನ್. ಎಚ್‌ಐವಿ ವೈರಸ್ ಅದನ್ನೇ ಹಿಡಿದು ಕೋಶದೊಳಗೆ ನುಗ್ಗುತ್ತದೆ. ಅದಕ್ಕೇ ಆ ಕಾಯಿಲೆಯಲ್ಲಿ ಸಿಡಿ4 ಎಣಿಸುತ್ತಾರೆ. ಸೋಂಕು ಪತ್ತೆಗೆ ಬೇರೆಯದೇ ಪರೀಕ್ಷೆ ಇದೆ.

ಸಿಡಿ45ಆರ್‌ಎ ಹೆಚ್ಚಾಗಿ ಕಾಣುವುದು ಇನ್ನೂ ಯಾವ ರೋಗಾಣುವನ್ನೂ ಎದುರಿಸದ ಹೊಸ ಟಿ ಕೋಶಗಳ ಮೇಲೆ. ಒಮ್ಮೆ ಎದುರಿಸಿ ನೆನಪಿಟ್ಟುಕೊಂಡವು ಆರ್‌ಒ ತೋರಿಸುತ್ತವೆ. ಈ ವಯಸ್ಸಿನಲ್ಲಿ ಹೊಸವೇ ಜಾಸ್ತಿ. ರಿಪೋರ್ಟ್‌ನಲ್ಲಿ ಅಚ್ಚಾಗಿರುವ ರೇಂಜ್ ದೊಡ್ಡವರದ್ದಾ, ಮಕ್ಕಳದ್ದಾ ಎಂದು ಒಮ್ಮೆ ನೋಡಿ.

ಇನ್ನು ‘ನಾರ್ಮಲ್’ ವಿಷಯ. ಲ್ಯಾಬ್‌ನಲ್ಲಿ ರಕ್ತಕ್ಕೆ ಹೊಳೆಯುವ ಬಣ್ಣ ಅಂಟಿಸಿದ ಆಂಟಿಬಾಡಿ (ನಿರ್ದಿಷ್ಟ ಪ್ರೋಟೀನನ್ನೇ ಹುಡುಕಿ ಅಂಟಿಕೊಳ್ಳುವ ವಸ್ತು) ಬೆರೆಸಿ, ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹರಿಸುತ್ತಾರೆ. ಯಾವ ಕೋಶದ ಮೈಮೇಲೆ ಯಾವ ಪ್ರೋಟೀನ್ ಇದೆ ಎಂದು ಗೊತ್ತಾಗುತ್ತದೆ. ಸಿಡಿ3 ಇದ್ದರೆ ಟಿ ಕೋಶ. ಜೊತೆಗೆ ಸಿಡಿ4 ಇದ್ದರೆ ಸಾಮಾನ್ಯವಾಗಿ ಬೇರೆ ರೋಗನಿರೋಧಕ ಕೋಶಗಳಿಗೆ ಸಹಾಯಕ, ಸಿಡಿ8 ಇದ್ದರೆ ಸೋಂಕು ತಗುಲಿದ ಕೋಶವನ್ನು ಕೊಲ್ಲುವಂಥದ್ದು. ಆದರೆ ಅದು ಕೆಲಸ ಮಾಡುತ್ತಿದೆಯಾ? ಅದು ಇದರಲ್ಲಿ ಕಾಣುವುದಿಲ್ಲ. ಸಿಡಿ25 ನೋಡಿ: ರೋಗನಿರೋಧಕ ವ್ಯವಸ್ಥೆಯ ಅಬ್ಬರಕ್ಕೆ ಕಡಿವಾಣ ಹಾಕುವ ರೆಗ್ಯುಲೇಟರಿ ಕೋಶದ ಮೇಲೂ ಇರುತ್ತದೆ, ಈಗಷ್ಟೇ ಕೆರಳಿ ಹೋರಾಟಕ್ಕಿಳಿದ ಕೋಶದ ಮೇಲೂ ಇರುತ್ತದೆ. ಎರಡರದ್ದೂ ಪೂರ್ತಿ ಉಲ್ಟಾ ಕೆಲಸ! ಬೇರೆ ಮಾಡಬೇಕೆಂದರೆ ಸಿಡಿ127 ಕಡಿಮೆ ಇದೆಯಾ, ಕೋಶದ ಒಳಗೆ ಫಾಕ್ಸ್‌ಪಿ3 ಎಂಬ ಪ್ರೋಟೀನ್ ಇದೆಯಾ ಅಂತ ಹುಡುಕಬೇಕು. ಅಷ್ಟಾದರೂ ಕೆಲವು ಗೊಂದಲ ಉಳಿಯುತ್ತವೆ.

ಕೆಲಸ ನೋಡಲು ಕೋಶವನ್ನು ಕೆಣಕಬೇಕು. ಟಿಬಿಗೆ ಮಾಡುವ ಇಗ್ರಾ ಪರೀಕ್ಷೆಯಲ್ಲಿ ಆಗುವುದು ಇದೇ. ರಕ್ತಕ್ಕೆ ಟಿಬಿ ರೋಗಾಣುವಿನ ಪ್ರೋಟೀನ್ ತುಣುಕು ಸೇರಿಸಿ, ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶದ ಪ್ರೋಟೀನ್ ಸುರಿಸುತ್ತವೆಯಾ ಎಂದು ಅಳೆಯುತ್ತಾರೆ. ಎಲ್ಲ ಟಿ ಕೋಶಗಳ ಚುರುಕು ನೋಡಲು ಅವನ್ನು ಕೆರಳಿಸುವ ಪಿಎಚ್‌ಎ ಎಂಬ ವಸ್ತು ಹಾಕಿ, ಅವು ಸರಿಯಾಗಿ ದ್ವಿಗುಣವಾಗುತ್ತವೆಯಾ ಎಂದು ಪರೀಕ್ಷಿಸುವುದೂ ಉಂಟು.

ನಿಮ್ಮ ಮಗನಿಗೆ ಅಷ್ಟು ದೂರ ಹೋಗುವ ಮುಂಚೆ ನಾನಾಗಿದ್ದರೆ ರಕ್ತದಲ್ಲಿರುವ ಐಜಿಜಿ, ಐಜಿಎ, ಐಜಿಎಂ ಎಂಬ ಆಂಟಿಬಾಡಿಗಳ ಮಟ್ಟ ನೋಡಿಸುತ್ತಿದ್ದೆ. ಪದೇ ಪದೇ ನಿಮೋನಿಯಾ ಆಗಲು ಟಿ ಕೋಶಕ್ಕಿಂತ ಆಂಟಿಬಾಡಿ ಕೊರತೆಯನ್ನೇ ಮೊದಲು ಅನುಮಾನಿಸಬೇಕು. ಇದನ್ನು ಮಕ್ಕಳ ಡಾಕ್ಟರ್ ಬಳಿ ಕೇಳಿ. ಅನುಮಾನ ಉಳಿದರೆ ಪರೇಲ್‌ನ ಕೆಇಎಂ ಆಸ್ಪತ್ರೆ ಆವರಣದಲ್ಲಿರುವ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಗೆ ಕಳಿಸಬೇಕಾ ಎಂದೂ ವಿಚಾರಿಸಿ. ಹುಟ್ಟಿನಿಂದ ಬರುವ ಇಂಥ ಕೊರತೆಗಳ ಬಗ್ಗೆ ಅಲ್ಲಿ ಕೆಲಸ ನಡೆಯುತ್ತದೆ. ನಿಮಗೆ ಸೆಂಟ್ರಲ್ ಲೈನ್‌ನಲ್ಲೇ ಸಿಗುತ್ತದೆ.