ಕಾರ್ಗಿಲ್‌ಗೆ ಯಾವ ಬೂಟು, ಕಬ್ಬಿನ ಹೊಲಕ್ಕೆ ಯಾವ ಬೂಟು?

ಪ್ರಶ್ನೆ: ಸರ್, ನಾನು ಅಥಣಿ ತಾಲೂಕಿನವನು. ಸಿವಿಲ್ ಡಿಪ್ಲೊಮಾ ಮುಗಿಸಿ ಬೆಳಗಾವಿಯಲ್ಲಿ ಸೈಟ್ ಸೂಪರ್‌ವೈಸರ್ ಆಗಿದ್ದೆ. ಈಗ ಕಾರ್ಗಿಲ್ ಕಡೆ ರಸ್ತೆ ಕೆಲಸಕ್ಕೆ ಕರೆ ಬಂದಿದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲೇ ಇರಬೇಕು, ದಿನವಿಡೀ ಹೊರಗೆ ನಿಲ್ಲೋ ಕೆಲಸ. ಲೇಸ್ ಕಟ್ಟುವ, ನೀರು ಒಳಗೆ ಬರದ, ಎರಡು ಮೂರು ವರ್ಷ ಬಾಳುವ ಬೂಟು ಬೇಕು. ಗಮ್‌ಬೂಟು ಬೇಡ, ನಡೆಯುವಾಗ ಹಿಮ್ಮಡಿ ಮೇಲೇಳುತ್ತೆ. ಬೆಳಗಾವಿ ಕ್ಯಾಂಪಿನ ಒಂದು ಅಂಗಡಿಯಲ್ಲಿ ಮಿಲಿಟರಿ ನಮೂನೆಯ ಬೂಟು ತೋರಿಸಿ, ಇದಕ್ಕಿಂತ ಗಟ್ಟಿ ಯಾವುದೂ ಇಲ್ಲ ಅಂದ್ರು. ಆನ್‌ಲೈನಿನಲ್ಲಿ ನೋಡಿದ್ರೆ ಎಲ್ಲದರ ಮೇಲೂ ವಾಟರ್‌ಪ್ರೂಫ್ ಅಂತಲೇ ಬರೆದಿದೆ. ಏಳು ಸಾವಿರದವರೆಗೆ ಖರ್ಚು ಮಾಡಬಲ್ಲೆ. ನನ್ನ ಪಾದ ಬೇರೆ ಅಗಲ. ಯಾವುದು ತಗೊಳ್ಳಲಿ?
– ಓದುಗರು, ಅಥಣಿ ತಾಲೂಕು

ಉತ್ತರ: ಅಂಗಡಿಯವರು ಗಟ್ಟಿ ಅಂದಿದ್ದು ಸುಳ್ಳಲ್ಲ. ಆ ನಮೂನೆಯ ಬೂಟಿನ ಅಡಿ ಸುಲಭಕ್ಕೆ ಕಿತ್ತು ಬರೋದಿಲ್ಲ, ಚರ್ಮವೂ ದಪ್ಪ. ಆದರೆ ಒಳಗೆ ಬೆಚ್ಚಗಿನ ಪದರ ಇರೋದಿಲ್ಲ. ಬೆಳಗಾವಿಯ ಡಿಸೆಂಬರಿಗೆ ಅದು ಸಾಕು. ಕಾರ್ಗಿಲ್ ಜಿಲ್ಲೆಯ ದ್ರಾಸ್‌ನಲ್ಲಿ ಜನವರಿ ರಾತ್ರಿ ಮೈನಸ್ 20 ಡಿಗ್ರಿ ಅಂದ್ರೆ ಯಾರೂ ಹುಬ್ಬೇರಿಸೋದಿಲ್ಲ. ಅಲ್ಲಿ ಒಂದು ಪದರದ ಚರ್ಮ ಹಾಕಿಕೊಂಡು ನಿಂತರೆ ಅರ್ಧ ಗಂಟೆಯಲ್ಲಿ ಬೆರಳು ಎಲ್ಲಿವೆ ಅಂತ ಹುಡುಕಬೇಕಾಗುತ್ತೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು "ನಿಲ್ಲೋ ಕೆಲಸ" ಅನ್ನೋ ಮಾತು. ಟ್ರೆಕ್ಕಿಂಗ್ ಮಾಡುವವರು ನಡೆಯುತ್ತಾ ಇರ್ತಾರೆ, ಅವರ ಪಾದ ತಾನೇ ಬಿಸಿಯಾಗುತ್ತೆ. ಅವರು ಹೊಗಳೋ ಹಗುರ ಬೂಟು ನಿಮಗೆ ಆಗಿಬರೋದಿಲ್ಲ. ನಿಂತವರ ಕಾಲಿನ ಬಿಸಿ ಹೆಚ್ಚಾಗಿ ಅಡಿಯಿಂದ ನೆಲಕ್ಕೆ ಹೋಗುತ್ತೆ. ಹಾಗಾಗಿ ಮೊದಲು ಬೆಚ್ಚಗಿರುತ್ತಾ ಅಂತ ಕೇಳಿ, ಆಮೇಲೆ ನೀರಿನ ಮಾತು. ಒಳಪದರಕ್ಕೆ ಥಿನ್ಸುಲೇಟ್‌ನಂಥ ಹೆಸರಿನ ಜೊತೆ 200 ಗ್ರಾಂ, 400 ಗ್ರಾಂ ಅಂತ ಬರೆದಿರ್ತಾರೆ. ಅದು ಬೂಟಿನ ತೂಕ ಅಲ್ಲ, ಒಂದು ಚದರ ಮೀಟರ್ ಪದರದ ತೂಕ. ನಡೆಯುವವರಿಗೆ 200 ಸಾಕು, ನಿಮಗೆ 400ಕ್ಕಿಂತ ಕಡಿಮೆ ಬೇಡ.

ಇನ್ನು ನೀರು. ಕೊರೆಯುವ ಚಳಿಯಲ್ಲಿ ಹಿಮ ಪುಡಿ ಪುಡಿಯಾಗಿ ಒಣಗಿರುತ್ತೆ, ಕೊಡವಿದರೆ ಉದುರಿ ಹೋಗುತ್ತೆ. ಜನವರಿಯಲ್ಲಿ ಕಾಲು ಒದ್ದೆಯಾಗೋದು ಬಹುತೇಕ ನಿಮ್ಮದೇ ಬೆವರಿನಿಂದ. ನಿಜವಾದ ನೀರಿನ ಕಾಟ ಮಾರ್ಚ್, ಏಪ್ರಿಲ್‌ನಲ್ಲಿ, ಹಿಮ ಕರಗಿ ರಸ್ತೆ ತುಂಬಾ ತಣ್ಣನೆಯ ರಾಡಿ ಆದಾಗ. ಹೊರಗಿನ ನೀರು ತಡೆದು ಒಳಗಿನ ಆವಿ ಬಿಡೋದಕ್ಕೆ ಗೋರ್-ಟೆಕ್ಸ್‌ನಂಥ ತೆಳು ಪೊರೆ ಇಟ್ಟಿರ್ತಾರೆ. ನಾನ್‌ಸ್ಟಿಕ್ ತವೆಯ ಮೇಲಿರುತ್ತಲ್ಲ, ಅದೇ ಜಾತಿಯ ಪಿಟಿಎಫ್‌ಇ ಅನ್ನೋ ಪ್ಲಾಸ್ಟಿಕ್‌ನಿಂದ ಗೋರ್-ಟೆಕ್ಸ್ ಶುರುವಾದದ್ದು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಅದನ್ನು ಕಾಯಿಸಿ ಮೆಲ್ಲಗೆ ಎಳೆದು ಎಳೆದು ಸಾಕಾಗಿ, ಒಮ್ಮೆಲೇ ಜೋರಾಗಿ ಜಗ್ಗಿದರಂತೆ. ಹರಿಯಲಿಲ್ಲ, ಉದ್ದಕ್ಕೆ ಹಿಗ್ಗಿ ಒಳಗೆಲ್ಲ ಸಣ್ಣ ಸಣ್ಣ ರಂಧ್ರ ಬಿಟ್ಟವು. ನೀರಿನ ಹನಿ ಅದರಲ್ಲಿ ತೂರೋದಿಲ್ಲ, ಆವಿ ತೂರುತ್ತೆ.

ಕೇಳೋದಕ್ಕೆ ಚೆಂದ. ಆದರೆ ಮೇಲಿನ ಚರ್ಮ ನೀರು ಕುಡಿದು ತೊಯ್ದರೆ ಆವಿಗೆ ಹೊರಗೆ ದಾರಿ ಇರೋದಿಲ್ಲ, ಪೊರೆ ಇದ್ದೂ ಇಲ್ಲದಂತೆ. ಬೆರಳು ಮಡಚುವ ಜಾಗದಲ್ಲಿ ಮರಳು ಸೇರಿ ಪೊರೆ ತೂತಾದ್ರೆ ರಿಪೇರಿ ಅನ್ನೋದೇ ಇಲ್ಲ. ಏಳು ಸಾವಿರಕ್ಕೆ ಗೋರ್-ಟೆಕ್ಸ್ ಹೆಸರು ಹೊತ್ತ, ಬೆಚ್ಚಗಿನ ಪದರವೂ ಇರುವ ಬೂಟು ಹುಡುಕೋದು ಕಷ್ಟ. ಹುಡುಕಲೂ ಬೇಡಿ. ಕಂಪನಿಗಳು ತಮ್ಮದೇ ಹೆಸರಿನ ಪೊರೆ ಹಾಕಿರ್ತಾರೆ, ನಿಮ್ಮ ಕೆಲಸಕ್ಕೆ ಅದು ನಡೆಯುತ್ತೆ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಒಂದಿದೆ. ಲೇಸ್ ಪೂರ್ತಿ ಸಡಿಲ ಮಾಡಿ ಬೂಟಿನ ನಾಲಿಗೆ ಹೊರಗೆ ಎಳೆದು ನೋಡಿ. ನಾಲಿಗೆಯ ಎರಡೂ ಪಕ್ಕ ಮಡಿಕೆ ಇಟ್ಟು ಬೂಟಿಗೆ ಹೊಲಿದಿದ್ದಾರಾ, ಎಷ್ಟು ಎತ್ತರದವರೆಗೆ ಹೊಲಿದಿದ್ದಾರೆ? ಲೇಸಿನ ಬೂಟಿಗೆ ನೀರು ತಡೆಯೋ ಶಕ್ತಿ ಅಷ್ಟು ಎತ್ತರದವರೆಗೆ ಮಾತ್ರ. ನಾಲಿಗೆ ಬಿಡಿಯಾಗಿ ಅಲ್ಲಾಡ್ತಿದ್ರೆ, ಪೆಟ್ಟಿಗೆ ಮೇಲೆ ಏನೇ ಬರೆದಿರಲಿ, ಕೆಳಗಿಟ್ಟು ಬನ್ನಿ. ಲೇಸ್ ಕಟ್ಟೋ ಕಡೆ ಮೇಲಿನ ಎರಡು ಮೂರು ಜೊತೆ ಕೊಕ್ಕೆ ಇದ್ದರೆ ಒಳ್ಳೆಯದು, ಕೈಗವಸು ಹಾಕಿಕೊಂಡೇ ಕಟ್ಟಬಹುದು. ಹತ್ತಿಯ ಲೇಸ್ ಇದ್ದರೆ ತೆಗೆದು ನೈಲಾನ್ ಹಾಕಿ. ಹತ್ತಿ ನೀರು ಕುಡಿದು ಹೆಪ್ಪುಗಟ್ಟಿದ್ರೆ ಗಂಟು ಬಿಚ್ಚೋದು ಯಾರ ಕೈಲೂ ಆಗೋದಿಲ್ಲ.

ಅಳತೆಯ ವಿಷಯದಲ್ಲಿ ಜನ ಎಡವೋದು ಜಾಸ್ತಿ. ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತೆ. ಅಲ್ಲಿ ಹಾಕುವ ದಪ್ಪ ಉಣ್ಣೆ ಸಾಕ್ಸನ್ನೇ ತೊಟ್ಟು ನೋಡಿ. ಮುಂದೆ ಬೆರಳು ಆಡಬೇಕು, ಹಿಂದೆ ಹಿಮ್ಮಡಿ ಕದಲಬಾರದು. ನಿಮ್ಮ ಪಾದ ಅಗಲ ಅಂತೀರಿ, ಹಾಗಿದ್ರೆ ಅಗಲದ ಅಳತೆ ಇರುವ ಬೂಟು ಕೇಳಿ, ಸಿಗದಿದ್ರೆ ಒಂದು ನಂಬರ್ ದೊಡ್ಡದು ತಗೊಳ್ಳಿ. ಬಿಗಿಯಾದ ಬೂಟಿನಲ್ಲಿ ರಕ್ತ ಸರಿಯಾಗಿ ಓಡೋದಿಲ್ಲ, ಸಾಕ್ಸಿನೊಳಗಿನ ಗಾಳಿಯೂ ಹಿಸುಕಿ ಹೋಗುತ್ತೆ. ಬೆಚ್ಚಗಿಡೋದೇ ಆ ಗಾಳಿ. ಚಳಿ ಅಂತ ಮೂರು ಜೊತೆ ಸಾಕ್ಸ್ ತುರುಕಿಕೊಂಡವರ ಕಾಲು ಒಂದು ಜೊತೆ ಹಾಕಿದವರಿಗಿಂತ ಬೇಗ ಮರಗಟ್ಟೋದು ಇದಕ್ಕೇ.

ಇನ್ನೊಂದು ಮಾತು. ಸೈಟಿನಲ್ಲಿ ಸೇಫ್ಟಿ ಶೂ ಕಡ್ಡಾಯ ಇದ್ದೇ ಇರುತ್ತೆ ಅಲ್ವಾ? ದುಡ್ಡು ಬಿಚ್ಚೋ ಮೊದಲು ಕಂಪನಿಯವರು ಏನು ಕೊಡ್ತಾರೆ ಕೇಳಿ. ನಮ್ಮ ದೇಶದ ಸೇಫ್ಟಿ ಶೂ ಮಾನದಂಡ ಐಎಸ್ 15298 ಭಾಗ 2, ಆ ಸಂಖ್ಯೆ ಬೂಟಿನ ಮೇಲೇ ಅಚ್ಚಾಗಿರಬೇಕು. ಅದರ ಪಕ್ಕದ ಅಕ್ಷರ ಓದಿ. ಎಸ್3 ಅಂದ್ರೆ ಮೇಲಿನ ಚರ್ಮ ನೀರು ತಡೆಯುತ್ತೆ, ಅಡಿಯಲ್ಲಿ ಮೊಳೆ ಚುಚ್ಚದ ಹಾಳೆ ಇದೆ. ಡಬ್ಲ್ಯುಆರ್ ಇದ್ದರೆ ಹೊಲಿಗೆ ಸಮೇತ ಇಡೀ ಬೂಟಿಗೆ ನೀರಿನ ಪರೀಕ್ಷೆ ಆಗಿದೆ. ಸಿಐ ಅಂದ್ರೆ ಅಡಿಭಾಗ ಚಳಿ ತಡೆಯುತ್ತೆ: ಮೈನಸ್ 17 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟಾಗ ಒಳಗಿನ ಬಿಸಿ 10 ಡಿಗ್ರಿಗಿಂತ ಜಾಸ್ತಿ ಇಳಿಯಬಾರದು. ಅರ್ಧ ಗಂಟೆ ಅಷ್ಟೇ, ಇಡೀ ಪಾಳಿ ಅಲ್ಲ, ಗಮನ ಇರಲಿ. ಎಸ್3 ಜೊತೆ ಡಬ್ಲ್ಯುಆರ್, ಸಿಐ ಎರಡೂ ಇರುವುದು ಸಿಕ್ಕರೆ ನಾನಂತೂ ಅದನ್ನೇ ತಗೋ ಅಂತೀನಿ, ಬ್ರ್ಯಾಂಡ್ ಯಾವುದೇ ಇರಲಿ. ಬೆರಳಿನ ಮೇಲಿನ ಟೋಪಿ ಉಕ್ಕಿನದು ಬೇಡ, ಕಾಂಪೊಸಿಟ್ ಅಂದ್ರೆ ಲೋಹ ಇಲ್ಲದ್ದು ಇರಲಿ. ಉಕ್ಕು ಒಳಗಿನ ಬಿಸಿಯನ್ನು ಬೇಗ ಎಳೆದು ಹೊರಗೆ ಬಿಡುತ್ತೆ.

ಅಡಿ ರಬ್ಬರಿನದೇ ಆಗಿರಲಿ. ಪಿವಿಸಿ ಚಳಿಗೆ ಕಲ್ಲಿನಂತೆ ಸೆಡೆಯುತ್ತೆ, ಜಾರುತ್ತೆ. ವೈಬ್ರಮ್ ಅಂತ ಹಳದಿ ಗುರುತು ಇರುವ ಅಡಿ ನೋಡಿರಬಹುದು. ಇಟಲಿಯ ವಿಟಾಲೆ ಬ್ರಮಾನಿ ಅನ್ನುವ ಪರ್ವತಾರೋಹಿ, 1935ರಲ್ಲಿ ಆಲ್ಪ್ಸ್‌ನಲ್ಲಿ ಆರು ಜನ ಸಂಗಡಿಗರು ತೀರಿಕೊಂಡ ಮೇಲೆ ಹಠಕ್ಕೆ ಬಿದ್ದು ಮಾಡಿದ್ದು ಅದು. ಅಷ್ಟಾದರೂ ಗಾಜಿನಂಥ ಐಸ್ ಮೇಲೆ ಯಾವ ರಬ್ಬರೂ ನಿಲ್ಲೋದಿಲ್ಲ. ಬೂಟಿನ ಮೇಲೆ ತೊಡಿಸುವ ಮುಳ್ಳು ಸರಪಳಿ ಬರುತ್ತೆ, ಮೈಕ್ರೋಸ್ಪೈಕ್ ಅಂತಾರೆ. ಲಡಾಖ್ ಕಡೆಯೇ ಕೊಂಡುಕೊಳ್ಳಿ.

ಹಾಗಾಗಿ ಏಳು ಸಾವಿರವನ್ನೂ ಬೂಟಿಗೇ ಸುರಿಯಬೇಡಿ. ಐದು ಸಾವಿರದ ಬೂಟು, ಉಳಿದದ್ದು ಉಣ್ಣೆ ಸಾಕ್ಸಿಗೆ, ಬೂಟಿನೊಳಗೆ ಪಾದದಡಿ ಹಾಕುವ ಒಳಹಾಸು ಕೊಳ್ಳೋದಕ್ಕೆ. ಒಳಹಾಸು ಎರಡು ಜೊತೆ ಇರಲಿ, ಒಂದು ಕಾಲಲ್ಲಿ, ಒಂದು ಒಣಗೋದಕ್ಕೆ. ಫೆಲ್ಟ್ ಅಂದ್ರೆ ಒತ್ತಿ ಮಾಡಿದ ಉಣ್ಣೆಯ ಹಾಸು ಸಿಗದಿದ್ರೆ ಮನೆಯಲ್ಲಿ ಹಳೆಯ ಕುರಿ ಉಣ್ಣೆ ಕಂಬಳಿ ಇರುತ್ತಲ್ಲ, ಪಾದದ ಅಳತೆಗೆ ಕತ್ತರಿಸಿ ಅಂಚು ಹೊಲಿದು ಒಯ್ಯಿರಿ. ಚುಚ್ಚುತ್ತೆ ಅಂತ ನಾವು ಮೂಲೆಗೆ ಹಾಕಿರೋ ಕಂಬಳಿ, ಸಾಕ್ಸ್ ಮೇಲಿಂದ ಏನೂ ಚುಚ್ಚೋದಿಲ್ಲ. ಬೂಟು ಕೊಳ್ಳುವಾಗಲೇ ಈ ದಪ್ಪಕ್ಕೂ ಜಾಗ ನೋಡಿಕೊಳ್ಳಿ.

ರಾತ್ರಿ ಬೂಟನ್ನು ಬುಖಾರಿ, ಅಂದ್ರೆ ಕೋಣೆ ಕಾಯಿಸುವ ಒಲೆ, ಅದರ ಪಕ್ಕ ಇಡಬೇಡಿ. ಚರ್ಮ ಸೀಳುತ್ತೆ, ಅಂಟು ಬಿಡುತ್ತೆ. ಒಳಹಾಸು ತೆಗೆದು, ಹಳೆಯ ಪೇಪರ್ ತುರುಕಿ, ಒಳಗಿನ ಕೋಣೆಯಲ್ಲೇ ಇಡಿ. ಕಾಲಿನ ಬೆರಳು ನೋವಿದ್ದದ್ದು ನೋವು ಹೋಗಿ ಜೋಮು ಹಿಡಿದು ಬಿಳಿಚಿಕೊಂಡ್ರೆ ಅದು ಒಳ್ಳೆಯದಾಯ್ತು ಅಂತಲ್ಲ. ತಕ್ಷಣ ಒಳಗೆ ಹೋಗಿ. ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. 37ರಿಂದ 39 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ ಇಟ್ಟು ವೈದ್ಯರನ್ನು ಕರೆಸಿ.

ಪ್ರಶ್ನೆ: ಕೇದಾರಕಂಠ ಟ್ರೆಕ್‌ಗೆಂದು ನಾಲ್ಕು ವರ್ಷದ ಹಿಂದೆ ಒಳ್ಳೆಯ ಬೂಟು ಕೊಂಡಿದ್ದೆ. ಒಂದೇ ಸಲ ಹಾಕಿ, ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಟ್ರಂಕಿನಲ್ಲಿ ಇಟ್ಟಿದ್ದೆ. ಮೊನ್ನೆ ಜಾಂಬೋಟಿ ಕಡೆ ಹೋಗುವಾಗ ಹಾಕಿದೆ, ಅರ್ಧ ದಾರಿಯಲ್ಲಿ ಎರಡೂ ಅಡಿ ಪುಡಿ ಪುಡಿಯಾಗಿ ಉದುರಿದವು. ಮೋಸ ಹೋದೆನಾ?
– ಓದುಗರು, ಖಾನಾಪುರ

ಉತ್ತರ: ಮೋಸ ಅಲ್ಲ, ಖಾನಾಪುರದ ಮಳೆಗಾಲ. ಅಡಿಯ ರಬ್ಬರಿಗೂ ಚರ್ಮಕ್ಕೂ ನಡುವೆ ಮೆತ್ತಗಿನ ಪಾಲಿಯುರಿಥೇನ್ ಪದರ ಇರುತ್ತೆ. ಗಾಳಿಯ ತೇವ ಅದನ್ನು ಒಳಗಿಂದಲೇ ಮುರಿಯುತ್ತಾ ಹೋಗುತ್ತೆ, ನೀವು ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಬಿಟ್ಟರೆ ಇನ್ನೂ ಬೇಗ, ಯಾಕಂದ್ರೆ ನಡೆಯುವಾಗ ಒತ್ತಿ ಒತ್ತಿ ತೇವ ಹೊರಗೆ ಹೋಗ್ತಿರುತ್ತೆ. ಒದ್ದೆ ಆರದ ಬೂಟನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಕೇಳೋದೇ ಬೇಡ. ಪುಡಿಯಾದ ಪದರಕ್ಕೆ ಯಾವ ಅಂಟೂ ಹಿಡಿಯೋದಿಲ್ಲ, ಸುಮ್ನೆ ದುಡ್ಡು ದಂಡ. ಮೇಲಿನ ಚರ್ಮ ಗಟ್ಟಿ ಇದ್ದು, ಹೊಸ ಅಡಿ ಕೂರಿಸುವವರು ಸಿಕ್ಕರೆ ಮಾತ್ರ ಉಳಿಸಿ. ಮುಂದಿನ ಸಲ ಕೊಳ್ಳುವಾಗ ತಯಾರಾದ ತಿಂಗಳು, ವರ್ಷ ನೋಡಿ. ಅರ್ಧ ಬೆಲೆಗೆ ಸಿಗೋ ಹಳೆಯ ಸ್ಟಾಕಿನ ಬೂಟಿಗೆ ವಯಸ್ಸು ಗೋದಾಮಿನಲ್ಲೇ ಆಗಿರುತ್ತೆ. ಆಮೇಲೆ ಗಾಳಿಯಾಡುವ ಬಟ್ಟೆ ಚೀಲದಲ್ಲಿಡಿ, ತಿಂಗಳಿಗೊಮ್ಮೆಯಾದರೂ ಹಾಕಿಕೊಂಡು ಓಡಾಡಿ.

ಪ್ರಶ್ನೆ: ಚರ್ಮದ ಬೂಟಿಗೆ ನೀರು ಹಿಡಿಯಬಾರದು ಅಂತ ಕೊಬ್ಬರಿ ಎಣ್ಣೆ ಹಚ್ಚಬಹುದಾ?
– ಓದುಗರು, ವಿಜಯಪುರ

ಉತ್ತರ: ಬೇಡ. ಚರ್ಮ ಮೆತ್ತಗಾಗಿ ಆಕಾರ ಬಿಡುತ್ತೆ, ಧೂಳು ಹಿಡಿಯುತ್ತೆ. ಚಳಿಗೆ ಎಣ್ಣೆಯೇ ಗಟ್ಟಿಯಾಗಿ ಕೂರುತ್ತೆ. ಜೇನುಮೇಣ ಸೇರಿದ ಬೂಟಿನ ಮೇಣ ಸಿಗುತ್ತೆ. ಒಣಗಿದ ಬೂಟಿಗೆ ತೆಳ್ಳಗೆ ಹಚ್ಚಿ, ಹೊಲಿಗೆ ಮೇಲೆ ಸ್ವಲ್ಪ ಜಾಸ್ತಿ ತಿಕ್ಕಿ.

ಪ್ರಶ್ನೆ: ನಮ್ಮ ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವ ಇಷ್ಟೊಂದು ಕೈಗಳಿವೆ. ಇವರ ಹತ್ತಿರವೇ ಇಂಥ ಬೂಟು ಮಾಡಿಸಬಾರದೇಕೆ?
– ಓದುಗರು, ನಿಪ್ಪಾಣಿ

ಉತ್ತರ: ಕೈಗುಣದ ಬಗ್ಗೆ ಎರಡು ಮಾತಿಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ನಾಲ್ಕೂ ಜಿಲ್ಲೆ ಅದರಲ್ಲಿ ಸೇರಿದವು. ಆದರೆ ಆ ಚರ್ಮ ಬೇರೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ್ದು, ಬಿಸಿಲಿಗೆ ಹೇಳಿ ಮಾಡಿಸಿದ್ದು. ಮಳೆಯಲ್ಲಿ ನೆನೆದರೆ ಊದಿಕೊಳ್ಳುತ್ತೆ. ಅದಕ್ಕೇ ನಮ್ಮ ಹಿರಿಯರು ಮಳೆಗಾಲದಲ್ಲಿ ಅದನ್ನು ಎತ್ತಿಡ್ತಿದ್ರು. ನೀರಿನ ಬೂಟಿಗೆ ಕ್ರೋಮ್ ಹಾಕಿ ಹದ ಮಾಡಿ, ನೀರು ಜಾರುವ ಮದ್ದು ಕುಡಿಸಿದ ಚರ್ಮ ಬೇಕು, ಅಳತೆ ಅಳತೆಯ ಅಚ್ಚು ಬೇಕು, ಒಳಗಿನ ಪೊರೆಗೆ ಹೊಲಿಗೆ ತೂತು ಬೀಳದಂತೆ ಟೇಪ್ ಹಾಕುವ ಯಂತ್ರ ಬೇಕು. ಇದು ಕಾರ್ಖಾನೆ ಕೆಲಸ. ಆದರೆ ಬಿಚ್ಚಿದ ಹೊಲಿಗೆ ಹಾಕಿಸೋದಕ್ಕೆ, ಕಿತ್ತ ಕೊಕ್ಕೆ ಕೂರಿಸೋದಕ್ಕೆ ಅವರ ಹತ್ತಿರವೇ ಹೋಗಿ. ಒಂದು ಎಚ್ಚರ: ಪೊರೆ ಇರುವ ಬೂಟಿನಲ್ಲಿ ಸೂಜಿ ಒಳಗಿನವರೆಗೆ ಹೋಗಬಾರದು ಅಂತ ಮೊದಲೇ ಹೇಳಿ.

ಪ್ರಶ್ನೆ: ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗಲೇ ಕಬ್ಬಿಗೆ ನೀರು ಹಾಯಿಸಬೇಕು. ಡಿಸೆಂಬರ್, ಜನವರಿಯಲ್ಲಿ ಕಾಲು ಕೊರೆಯುತ್ತೆ, ಹಾವಿನ ಭಯ ಬೇರೆ. ಮಗ ಆನ್‌ಲೈನಿನಲ್ಲಿ ಮೂರು ಸಾವಿರದ ವಾಟರ್‌ಪ್ರೂಫ್ ಲೇಸ್ ಬೂಟು ತೋರಿಸ್ತಾನೆ. ತರಿಸಲಾ?
– ಓದುಗರು, ಮುಧೋಳ

ಉತ್ತರ: ತರಿಸಬೇಡಿ ಯಜಮಾನ್ರೇ. ಕಾಲುವೆಯಲ್ಲಿ ಮೊಣಕಾಲ ಕೆಳಗಿನವರೆಗೆ ನೀರು ಬಂದರೆ ಲೇಸ್ ಬೂಟಿಗೆ ಮೇಲಿಂದಲೇ ನೀರು ತುಂಬುತ್ತೆ, ಆಮೇಲೆ ಅದೇ ವಾಟರ್‌ಪ್ರೂಫ್ ಪದರ ಆ ನೀರನ್ನು ಹೊರಗೆ ಬಿಡೋದಿಲ್ಲ. ನಮ್ಮ ಎರೆ ಮಣ್ಣಂತೂ ಆ ಬೂಟಿನ ಅಡಿಯ ಆಳದ ಗೀರುಗಳಲ್ಲಿ ಮೆತ್ತಿಕೊಂಡು ಒಂದೊಂದು ಕಾಲೂ ಎರಡೆರಡು ಕಿಲೋ ಆಗುತ್ತೆ. ಮೇಲಿನ ಅಥಣಿಯ ಹುಡುಗನಿಗೆ ಬೇಡವಾದ ಗಮ್‌ಬೂಟೇ ನಿಮಗೆ ಸರಿ. ಮೊಣಕಾಲ ಹತ್ತಿರದವರೆಗೆ ಬರುವ ಉದ್ದದ್ದು, ಗೀರು ಆಳ ಇಲ್ಲದ್ದು, ಒಂದು ನಂಬರ್ ದೊಡ್ಡದು ತಗೊಂಡು ಒಳಗೆ ಉಣ್ಣೆ ಸಾಕ್ಸ್ ಹಾಕಿ. ಕೃಷಿ ಸಾಮಾನಿನ ಅಂಗಡಿಯಲ್ಲಿ ಮೂರು ಸಾವಿರಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತೆ. ಹಾವು ಹೆಚ್ಚಾಗಿ ಕಚ್ಚೋದು ಪಾದ, ಮೀನಖಂಡದ ಕೆಳಗೆ, ಅಲ್ಲಿ ಎತ್ತರದ ಗಮ್‌ಬೂಟಿನಷ್ಟು ಆಸರೆ ಬೇರೆ ಇಲ್ಲ. ಉಳಿದ ದುಡ್ಡಿನಲ್ಲಿ ತಲೆಗೆ ಕಟ್ಟುವ ಒಳ್ಳೆಯ ಬ್ಯಾಟರಿ ತರಿಸಿ. ಹಾಕುವ ಮೊದಲು ಬೂಟು ಬೋರಲು ಹಾಕಿ ಎರಡು ಸಲ ಕೊಡವೋದು ಮರೀಬೇಡಿ, ಚೇಳಿಗೂ ಅದು ಬೆಚ್ಚಗಿನ ಜಾಗ.