ಹಳೇ ಲಾರಿಯ ಎಂಜಿನ್ ನಂಬಬಹುದಾ? ಮೊದಲು ಏರ್ ಫಿಲ್ಟರ್ ಪೈಪ್ ಬಿಚ್ಚಿ ನೋಡಿ

ಪ್ರಶ್ನೆ: ನಾವು ಮದ್ದೂರು ಕಡೆಯವರು, ಕಬ್ಬು ಬೆಳೆಯುತ್ತೇವೆ. ಕಟಾವಿನ ಹೊತ್ತಿಗೆ ಬಾಡಿಗೆ ಲಾರಿ ಸಿಗುವುದೇ ಇಲ್ಲ. ಅಣ್ಣ ತಮ್ಮಂದಿರು ಸೇರಿ ಒಂದು ಹಳೇ ಲಾರಿ ತೆಗೆದುಕೊಳ್ಳೋಣ ಅಂತಿದ್ದೇವೆ. 2012ರ ಆರು ಚಕ್ರದ ಟಾಟಾ 1613, ಕಮ್ಮಿನ್ಸ್ ಎಂಜಿನ್. ಮೀಟರ್ 2,80,000 ಕಿಲೋಮೀಟರ್ ತೋರಿಸುತ್ತಿದೆ. ಹೋದ ವರ್ಷ ಬೋರ್ ಮಾಡಿಸಿದ್ದೇನೆ, ಅಂದರೆ ಸವೆದ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸಿದ್ದೇನೆ ಅಂತಾರೆ ಓನರ್. ನಾವು ಹೋಗುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಿಯೇ ನಿಂತಿತ್ತು. ಹೊಗೆ ಇರಲಿಲ್ಲ, ಶಬ್ದವೂ ಚೆನ್ನಾಗಿತ್ತು. ಇಷ್ಟು ನೋಡಿದರೆ ಸಾಕಾ?

ಉತ್ತರ: ಸಾಲದು. ನೀವು ಹೋಗುವ ಮೊದಲೇ ಸ್ಟಾರ್ಟ್ ಆಗಿ ನಿಂತಿತ್ತು ಅಂದಿರಲ್ಲ, ನನಗೆ ಅನುಮಾನ ಬಂದಿದ್ದು ಅಲ್ಲೇ. ಬಿಸಿಯಾದ ಎಂಜಿನ್ ಯಾವ ಕಾಯಿಲೆಯನ್ನೂ ಸುಲಭಕ್ಕೆ ತೋರಿಸುವುದಿಲ್ಲ. ಇನ್ನೊಂದು ದಿನ ಬೆಳಗ್ಗೆ ಆರು ಗಂಟೆಗೆ ಹೋಗಿ. ಬರುತ್ತೇವೆ ಅಂತ ಹೇಳಿ, ಆದರೆ ಸ್ಟಾರ್ಟ್ ಮಾಡಬೇಡಿ ಅಂತಲೂ ಹೇಳಿ. ಹೋದ ತಕ್ಷಣ ರೇಡಿಯೇಟರ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಚಹಾ ಕುಡಿದು ವಾಪಸ್ ಬನ್ನಿ.

ಮೀಟರ್ ಮಾತು ಬಿಟ್ಟುಬಿಡಿ. 2012ರ ಗಾಡಿಗೆ ಆ ಕಿಲೋಮೀಟರ್ ನಿಜವೇ ಇರಬಹುದು, ಮೀಟರ್ ಕೇಬಲ್ ಎರಡು ವರ್ಷ ತುಂಡಾಗಿ ಬಿದ್ದಿರಲೂಬಹುದು. ನಿಜ ಅಂತಲೇ ಇಟ್ಟುಕೊಳ್ಳೋಣ. ಆದರೂ ಹೊಲದ ಕೆಲಸ ಮಾಡಿದ ಲಾರಿಗೆ ಕಿಲೋಮೀಟರ್ ಲೆಕ್ಕ ಹೊಂದುವುದಿಲ್ಲ. ಹೈವೇಯಲ್ಲಿ ಟಾಪ್ ಗೇರಿನಲ್ಲಿ ಓಡಿದ ಒಂದು ಲಕ್ಷ ಕಿಲೋಮೀಟರೇ ಬೇರೆ, ಗದ್ದೆ ದಾರಿಯಲ್ಲಿ ಫಸ್ಟ್, ಸೆಕೆಂಡ್ ಗೇರಿನಲ್ಲಿ ಕಬ್ಬು ಹೊತ್ತು ತೆವಳಿದ ಒಂದು ಲಕ್ಷವೇ ಬೇರೆ. ಎಂಜಿನ್ ತಿರುಗಿದ ಗಂಟೆಗಳು ಮೀಟರಿಗೆ ಗೊತ್ತಾಗುವುದಿಲ್ಲ.

ಮೂವತ್ತು ವರ್ಷದಿಂದ ಡೀಸೆಲ್ ಎಂಜಿನ್ ಬಿಚ್ಚುತ್ತಿದ್ದೇನೆ. ನನ್ನ ಅನುಭವದಲ್ಲಿ ರೈತರ ಲಾರಿಯ ಎಂಜಿನ್ನು ಹೆಚ್ಚಾಗಿ ಸಾಯುವುದು ಧೂಳಿನಿಂದ ಮತ್ತು ಕೆಟ್ಟ ನೀರಿನಿಂದ. ಅದಕ್ಕೇ ಆ ಎಂಜಿನ್ ಏನು ಉಸಿರಾಡಿದೆ, ಏನು ಕುಡಿದಿದೆ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ.

ಉಸಿರಿನಿಂದ ಶುರು ಮಾಡೋಣ. ಏರ್ ಫಿಲ್ಟರ್ ಡಬ್ಬದಿಂದ ಟರ್ಬೋಗೆ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗಕ್ಕೆ) ಹೋಗುವ ರಬ್ಬರ್ ಪೈಪ್ ಇದೆಯಲ್ಲ, ಅದರ ಕ್ಲಾಂಪ್ ಸಡಿಲಿಸಿ ಬಿಚ್ಚಿಸಿ. ಪೈಪಿನ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒಂದು ಸುತ್ತು ಒರೆಸಿ. ಬಟ್ಟೆ ಹಾಗೆಯೇ ಬಂದರೆ, ಇಲ್ಲವೇ ಸ್ವಲ್ಪ ಎಣ್ಣೆ ಜಿಡ್ಡು ಬಂದರೆ ಪರವಾಗಿಲ್ಲ. ಕೆಂಪು ಧೂಳು ಮೆತ್ತಿಕೊಂಡು ಬಂದರೆ, ಅದು ಫಿಲ್ಟರ್ ದಾಟಿ ಬಂದ ಧೂಳು. ಎಣ್ಣೆ ಜೊತೆ ಸೇರಿದ ಧೂಳು ಸಿಲಿಂಡರ್ ಒಳಗೆ ವಾಲ್ವ್ ಉಜ್ಜುವ ಪೇಸ್ಟಿನ ಹಾಗೆಯೇ ಕೆಲಸ ಮಾಡುತ್ತದೆ. ಪಿಸ್ಟನ್ ಒಂದೊಂದು ಸಲ ಮೇಲೆ ಕೆಳಗೆ ಹೋದಾಗಲೂ ಬೋರ್, ಅಂದರೆ ಸಿಲಿಂಡರಿನ ಒಳಗೋಡೆ, ಸವೆಯುತ್ತದೆ.

ಒಮ್ಮೆ ನನ್ನ ಶೆಡ್ಡಿಗೆ ಒಂದು ಲಾರಿ ಬಂತು. ಹೊಸ ಪೇಂಟ್, ಹೊಸ ಟೈರ್, ಎಂಜಿನ್ ಮೇಲೆ ಎಣ್ಣೆಯ ಒಂದು ಹನಿಯೂ ಇಲ್ಲ. ಕೊಂಡು ಮೂರೇ ತಿಂಗಳಾಗಿತ್ತು. ದಿನಾ ಒಂದು ಲೀಟರ್ ಆಯಿಲ್ ಕುಡಿಯುತ್ತದೆ ಅಂತ ಆ ರೈತ ಕಣ್ಣಲ್ಲಿ ನೀರು ಹಾಕಿದರು. ಏರ್ ಪೈಪ್ ನೋಡಿದರೆ ಕ್ಲಾಂಪಿನ ಕೆಳಗೆ, ಕಣ್ಣಿಗೆ ಕಾಣದ ಕಡೆ, ಬೆರಳುದ್ದ ಸೀಳು. ಅದರ ಮೇಲೆ ಸೈಕಲ್ ಟ್ಯೂಬ್ ಸುತ್ತಿದ್ದರು. ಪಿಸ್ಟನ್ ಹೊರಗೆ ತೆಗೆದಾಗ ರಿಂಗುಗಳ ಅಂಚು ಬ್ಲೇಡಿನ ಹಾಗಿತ್ತು, ನನ್ನ ಬೆರಳೇ ಕುಯ್ದುಕೊಂಡಿತು. ಹತ್ತು ನಿಮಿಷ ಆ ಪೈಪ್ ನೋಡಿದ್ದಿದ್ದರೆ ಅವರ ಒಂದು ವರ್ಷದ ದುಡಿಮೆ ಉಳಿಯುತ್ತಿತ್ತು. ಆ ಮುಖ ನನಗೆ ಇನ್ನೂ ಮರೆತಿಲ್ಲ.

ಫಿಲ್ಟರನ್ನೂ ಹೊರಗೆ ತೆಗೆಸಿ. ಟೈರಿಗೆ ಬಡಿದು, ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಮತ್ತೆ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಹೀಗೆ ಮಾಡಿದರೆ ಪೇಪರ್ ತೂತಾಗುತ್ತದೆ. ಒಳಗೆ ಮೊಬೈಲ್ ಟಾರ್ಚ್ ಹಿಡಿದು ಹೊರಗಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಚುಚ್ಚಿದ ಹಾಗೆ ಕಂಡರೂ ಆ ಫಿಲ್ಟರ್ ಮುಗಿದಿದೆ. ಪೈಪ್ ಬಿಚ್ಚಿದಾಗಲೇ ಟರ್ಬೋ ಚಕ್ರ ಕಾಣುತ್ತದಲ್ವಾ, ಅದರ ರೆಕ್ಕೆಗಳ ಅಂಚು ಸವೆದಿದೆಯಾ ನೋಡಿ. ನಡುವಿನ ನಟ್ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇರಲಿ, ತೊಂದರೆ ಇಲ್ಲ. ಹಿಂದೆ ಮುಂದೆ ಎಳೆದರೆ ಅಲ್ಲಾಡುವುದು ಕೈಗೆ ಗೊತ್ತಾಗಬಾರದು. ರೆಕ್ಕೆ ಗೋಡೆಗೆ ತಾಗಲೇಬಾರದು.

ಇನ್ನು ನೀರು. ರೇಡಿಯೇಟರ್ ಕ್ಯಾಪ್ ತಣ್ಣಗಿರುವಾಗಲೇ ತೆಗೆಯಿರಿ, ಬಿಸಿಯಲ್ಲಿ ಮುಟ್ಟಲೇಬೇಡಿ. ಒಳಗೆ ಕೂಲಂಟ್ ಬಣ್ಣ ಕಾಣಬೇಕು. ಕಾಣುವುದು ತುಕ್ಕು ನೀರಾದರೆ, ಬೋರ್‌ವೆಲ್ ನೀರು ಹಾಕಿಕೊಂಡೇ ಓಡಿಸಿದ್ದಾರೆ ಅಂತ ಅರ್ಥ. ಮನೆಯಲ್ಲಿ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುತ್ತದಲ್ಲ, ಎಂಜಿನ್ ಒಳಗೂ ಅದೇ ಕಟ್ಟುತ್ತದೆ. ಆಮೇಲೆ ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಸೊಟ್ಟ ಆಗುತ್ತದೆ, ಅದರ ಕೆಳಗಿನ ಗ್ಯಾಸ್ಕೆಟ್ ಸುಡುತ್ತದೆ. ನೀರಿನ ಮೇಲೆ ಎಣ್ಣೆ ತೇಲುತ್ತಿದೆಯಾ ಅಂತಲೂ ನೋಡಿ.

ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಜೇನುತುಪ್ಪದ ಬಣ್ಣದಲ್ಲಿದ್ದರೆ ಖುಷಿ ಪಡಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಬೇಗ ಕಪ್ಪಾಗುತ್ತದೆ. ಜೇನುಬಣ್ಣ ಅಂದರೆ ನೀವು ಬರುತ್ತೀರಿ ಅಂತ ನಿನ್ನೆ ಬದಲಿಸಿದ್ದು. ಕಪ್ಪಗಿರುವುದೇ ವಾಸಿ. ಹಾಲು ಹಾಕಿದ ಕಾಫಿ ಹಾಗಿದ್ದರೆ ಮಾತ್ರ ಆಯಿಲ್‌ಗೆ ನೀರು ಸೇರಿದೆ, ಅಲ್ಲಿಗೆ ಮಾತುಕತೆ ನಿಲ್ಲಿಸಿ.

ಈಗ ಸ್ಟಾರ್ಟ್ ಮಾಡೋಣ. ಮೊದಲು ಸ್ಟಾಪ್ ಕೇಬಲ್ ಎಳೆದು ಹಿಡಿದು, ಸೆಲ್ಫ್ ಮಾತ್ರ ಐದಾರು ಸೆಕೆಂಡ್ ಹೊಡೆಸಿ. ಡೀಸೆಲ್ ಹೋಗುವುದಿಲ್ಲ, ಎಂಜಿನ್ ಸುಮ್ನೆ ತಿರುಗುತ್ತದೆ. ಕಣ್ಣು ಮುಚ್ಚಿ ಕೇಳಿ. ಆರು ಸಿಲಿಂಡರೂ ಸರಿ ಇದ್ದರೆ ಒಂದೇ ತಾಳದಲ್ಲಿ ತಿರುಗುತ್ತದೆ. ನಡುವೆ ಒಂದು ಕಡೆ ಹಗುರಾಗಿ ಜಾರಿದ ಹಾಗೆ ಕೇಳಿಸಿದರೆ ಆ ಸಿಲಿಂಡರಿನಲ್ಲಿ ಕಂಪ್ರೆಷನ್ ಕಮ್ಮಿ. ಕಾಸು ಖರ್ಚಿಲ್ಲದ ಪರೀಕ್ಷೆ ಇದು.

ಸ್ಟಾರ್ಟ್ ಆದ ತಕ್ಷಣ ರೇಡಿಯೇಟರ್ ಮೇಲಿನ ಹೋಸ್ ಹಿಸುಕಿ ಹಿಡಿಯಿರಿ. ಒಂದೆರಡು ನಿಮಿಷದಲ್ಲಿ, ನೀರು ಇನ್ನೂ ತಣ್ಣಗಿರುವಾಗಲೇ ಹೋಸ್ ಕಲ್ಲಿನ ಹಾಗೆ ಬಿಗಿಯಾದರೆ ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಅಥವಾ ಹೆಡ್ಡೇ ಬಿರುಕು ಬಿಟ್ಟಿದೆ.

ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು, ಅಲ್ಲೇ ಬಾಯಿಗೆ ತಲೆಕೆಳಗಾಗಿ ಇಡಿ. ಸ್ವಲ್ಪ ಅದುರಿದರೆ ಸರಿ. ಕುಣಿದು ಕೆಳಗೆ ಬಿದ್ದರೆ, ಎಂಜಿನ್ ಹೊಟ್ಟೆಯ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪಿನಿಂದ ರೈಲಿನ ಹಾಗೆ ಬುಸುಬುಸು ಹೊಗೆ ಬಂದರೆ ಅದೇ ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರಿನ ಗ್ಯಾಸ್ ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳುತ್ತಿದೆ. ರಿಂಗ್, ಬೋರ್ ಸವೆದಿದೆ. ಬ್ರೀದರ್ ಪೈಪಿಗೆ ಬಟ್ಟೆ ತುರುಕಿಟ್ಟಿರುವುದನ್ನೂ ನೋಡಿದ್ದೇನೆ. ಕೈ ಹಾಕಿ ನೋಡಿಕೊಳ್ಳಿ.

ಲೋಡ್ ಇಲ್ಲದೆ ಓಡಿಸಿ ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ಮರಳೋ ಜಲ್ಲಿಯೋ, ಏನಾದರೂ ತುಂಬಿಸಿ. ಡೀಸೆಲ್ ದುಡ್ಡು ನೀವೇ ಕೊಡಿ. ಒಂದು ಏರು ರಸ್ತೆ ಸೇರಿಸಿ ಅರ್ಧ ಗಂಟೆ ಓಡಿಸಿ. ಏರಿನಲ್ಲಿ ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ವಾಪಸ್ ಬಂದು ಎಂಜಿನ್ ಚೆನ್ನಾಗಿ ಕಾದಿರುವಾಗಲೇ ಆಯಿಲ್ ಪ್ರೆಷರ್ ನೋಡಬೇಕು. ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬಬೇಡಿ. ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಲು ನಿಮ್ಮ ಫಿಟ್ಟರ್‌ಗೆ ಹತ್ತು ನಿಮಿಷ ಸಾಕು. ಈ 5.9 ಲೀಟರ್ ಕಮ್ಮಿನ್ಸ್ ಎಂಜಿನ್ನಿಗೆ ಬಿಸಿಯಲ್ಲಿ ಐಡ್ಲಿಂಗ್‌ನಲ್ಲಿ ಕನಿಷ್ಠ 10 ಪಿ.ಎಸ್.ಐ., ಪೂರ್ತಿ ವೇಗದಲ್ಲಿ ಕನಿಷ್ಠ 30 ಪಿ.ಎಸ್.ಐ. ಇರಬೇಕು. ಅದು ಕೊನೆಯ ಗಡಿ. ಗಡಿಯ ಮೇಲೇ ನಿಂತಿರುವ ಎಂಜಿನ್ನನ್ನು ನಾನಾದರೆ ಕೊಳ್ಳುವುದಿಲ್ಲ.

ಬೋರ್ ಮಾಡಿಸಿದ್ದೇನೆ ಅಂದರಲ್ಲ, ಆ ಮಾತಿಗೆ ಬರುತ್ತೇನೆ. ಬೋರ್ ಆದ ಎಂಜಿನ್ ಅಂದರೆ ಕೆಟ್ಟದ್ದಲ್ಲ. ಒಳ್ಳೆಯ ಕೈಯಲ್ಲಿ ಆಗಿದ್ದರೆ ಅದು ನಿಮ್ಮ ಪುಣ್ಯ. ಆದರೆ ಬರೀ ರಿಂಗ್ ಹಾಕಿ, ಹೆಡ್ ಮುಚ್ಚಿ, ಬೋರ್ ಆಗಿದೆ ಅನ್ನುವವರೂ ಇದ್ದಾರೆ. ಲೇಥ್ ಅಂಗಡಿಯ ಬಿಲ್, ಪಿಸ್ಟನ್ ಬಿಲ್ ಕೇಳಿ. ಈ ಎಂಜಿನ್ನಿಗೆ ಬೇರೆ ಲೈನರ್ (ಬದಲಿಸಬಹುದಾದ ಒಳಕೊಳವೆ) ಇಲ್ಲ, ಬ್ಲಾಕಿನಲ್ಲೇ ಬೋರ್ ಇರುತ್ತದೆ. ಸವೆದಾಗ ಮೊದಲು 0.5 ಮಿ.ಮೀ. ದೊಡ್ಡದು ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ, ಆಮೇಲೆ 1 ಮಿ.ಮೀ. ಅದೂ ಮುಗಿದರೆ ಸ್ಲೀವ್ ಕೂರಿಸಬೇಕು. ಹಾಗಾಗಿ ಈಗ ಒಳಗಿರುವ ಪಿಸ್ಟನ್ ಯಾವ ಸೈಜ್ ಅನ್ನುವುದು ನಿಮಗೆ ಗೊತ್ತಿರಲೇಬೇಕು. ಕ್ರ್ಯಾಂಕ್ ಗ್ರೈಂಡಿಂಗ್ ಆಗಿದೆಯಾ, ಆಗಿದ್ದರೆ ಬೇರಿಂಗ್ ಯಾವ ಸೈಜ್, ಇದನ್ನೂ ಕೇಳಿ. ಸಾಧ್ಯವಾದರೆ ಕೆಲಸ ಮಾಡಿದ ಮೇಸ್ತ್ರಿಯ ಹತ್ತಿರವೇ ಹೋಗಿ ಮಾತಾಡಿ. ಓನರ್ ಹೇಳದ್ದನ್ನು ಮೇಸ್ತ್ರಿ ಹೇಳುತ್ತಾರೆ. ಎಂಜಿನ್ ನಂಬರ್ ಆರ್‌ಸಿ ಜೊತೆ ತಾಳೆ ಆಗಬೇಕು, ಅದನ್ನು ಮರೆಯಬೇಡಿ. ಬೇರೆ ಗಾಡಿಯ ಎಂಜಿನ್ ತಂದು ಕೂರಿಸಿದ್ದರೆ ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಹೊತ್ತಿಗೆ ಅಲೆಯುವವರು ನೀವೇ.

ಪ್ರಶ್ನೆ: ರಾಣೆಬೆನ್ನೂರು ಹತ್ತಿರದ ಹಳ್ಳಿಯಿಂದ ಬರೆಯುತ್ತಿದ್ದೇನೆ. ಮೆಕ್ಕೆಜೋಳ ಸಾಗಿಸಲು 2021ರ ಬಿಎಸ್ 6 (ಹೊಸ ಹೊಗೆ ನಿಯಮದ) ಲಾರಿ ಸಿಕ್ಕಿದೆ. ಯೂರಿಯಾ ಹಾಕುವ ಗಾಡಿ ಬೇಡ, ಹಳೇದೇ ಗಟ್ಟಿ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಹೆದರಬೇಕಾಗಿಲ್ಲ. ಆದರೆ ನಿಮ್ಮ ಕೆಲಸಕ್ಕೆ ಆ ಗಾಡಿ ಹೊಂದುತ್ತದಾ ಅಂತ ನೋಡಬೇಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಲಾರಿಗಳ ಸೈಲೆನ್ಸರ್ ಭಾಗದಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ಒಳ್ಳೇ ವೇಗದಲ್ಲಿ ಒಂದಷ್ಟು ಹೊತ್ತು ಓಡಿದರೆ ಆ ಮಸಿ ತಾನೇ ಸುಟ್ಟು ಹೋಗುತ್ತದೆ. ಹೊಲದಿಂದ ಎಪಿಎಂಸಿಗೆ ಆರೇಳು ಕಿಲೋಮೀಟರ್ ಮಾತ್ರ ಓಡಿಸಿ ನಿಲ್ಲಿಸುವುದಾದರೆ ಮಸಿ ಕಟ್ಟಿಕೊಳ್ಳುತ್ತಲೇ ಹೋಗುತ್ತದೆ. ಸೀಸನ್ ಮುಗಿದ ಮೇಲೆ ದೂರದ ಬಾಡಿಗೆಗೂ ಬಿಡುತ್ತೀರಾದರೆ ಧಾರಾಳವಾಗಿ ತೆಗೆದುಕೊಳ್ಳಿ.

ಈ ಗಾಡಿಯಲ್ಲಿ ಒಂದು ದೊಡ್ಡ ಅನುಕೂಲ ಇದೆ. ಎಂಜಿನ್ನಿನ ಕಂಪ್ಯೂಟರ್ ಎಷ್ಟು ಗಂಟೆ ತಿರುಗಿದೆ ಅನ್ನುವುದನ್ನು ಬರೆದಿಟ್ಟುಕೊಂಡಿರುತ್ತದೆ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿಸಿ, ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ ನೋಡಿ. 2 ಲಕ್ಷ ಕಿಲೋಮೀಟರಿಗೆ 5,000 ಗಂಟೆ ಅಂದರೆ ಸರಾಸರಿ 40 ಕಿಲೋಮೀಟರ್ ವೇಗ, ಹೈವೇ ಗಾಡಿ. ಅಷ್ಟೇ ಕಿಲೋಮೀಟರಿಗೆ 14,000 ಗಂಟೆ ಬಂದರೆ ಕ್ವಾರಿಯಲ್ಲೋ ಹೊಲದಲ್ಲೋ ಬೆವರು ಸುರಿಸಿದ ಗಾಡಿ. ಫಾಲ್ಟ್ ಕೋಡ್ ಒಂದೂ ಇಲ್ಲ ಅಂತ ಬಂದರೆ ಅಲ್ಲಿಗೇ ಬಿಡಬೇಡಿ. ನಿನ್ನೆ ಅಳಿಸಿರಬಹುದು. ಐವತ್ತು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ.

ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ. ಹೊಗೆಯ ವಿಷ ಕಡಿಮೆ ಮಾಡಲು ಈ ಗಾಡಿಗೆ ಹಾಕುವುದು 32.5 ಶೇಕಡಾ ಶುದ್ಧ ಯೂರಿಯಾ ದ್ರಾವಣ, ಡಿಇಎಫ್ ಅಂತಾರೆ. ಮನೆಯಲ್ಲಿ ಚೀಲ ಇದೆಯಲ್ಲ ಅಂತ ಗೊಬ್ಬರದ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಹಾಕಬೇಡಿ. ಅದಕ್ಕೆ ಬೇವಿನೆಣ್ಣೆ ಲೇಪ ಇರುತ್ತದೆ. ನಾಝಲ್ ಕಟ್ಟಿ, ಹೊಗೆ ಶುದ್ಧ ಮಾಡುವ ದುಬಾರಿ ಭಾಗ ಪೂರ್ತಿ ಹಾಳಾಗುತ್ತದೆ. ಸಬ್ಸಿಡಿ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಅಪರಾಧವೂ ಹೌದು. ಹಿಂದಿನವರು ಹಾಗೆ ಮಾಡಿದ್ದಾರಾ ಅಂತ ತಿಳಿಯಲು ಡಿಇಎಫ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ದ್ರಾವಣ ಶುದ್ಧ ನೀರಿನ ಹಾಗೆ ತಿಳಿಯಾಗಿರಬೇಕು. ಮೇಲೆ ಜಿಡ್ಡು, ತಳದಲ್ಲಿ ಮಡ್ಡಿ ಕಂಡರೆ ಕೈ ಮುಗಿದು ಬನ್ನಿ.

ಪ್ರಶ್ನೆ: ನಮ್ಮ ಫಿಟ್ಟರ್ ಲಾರಿ ನೋಡುವಾಗ ಸಿಲಿಂಡರಿಗೆ ಡೀಸೆಲ್ ಒಯ್ಯುವ ನಾಝಲ್ ಪೈಪ್ ನಟ್ ಒಂದೊಂದಾಗಿ ಸಡಿಲಿಸಿ ಶಬ್ದ ಕೇಳುತ್ತಾರೆ. ಎಲ್ಲ ಗಾಡಿಗೂ ಹೀಗೆ ಮಾಡಬಹುದಾ? (ಚಳ್ಳಕೆರೆಯ ಓದುಗರು)

ಉತ್ತರ: ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ನಿಗೆ ಅದು ಒಳ್ಳೆಯ ಪರೀಕ್ಷೆ. ನಟ್ ಸಡಿಲಿಸಿದಾಗ ಎಂಜಿನ್ ತಡವರಿಸಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಏನೂ ವ್ಯತ್ಯಾಸ ಆಗದಿದ್ದರೆ ಅದೇ ಸೋಮಾರಿ. ಕಂಪ್ಯೂಟರ್ ಡೀಸೆಲ್ ಹೊಡೆಸುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಮಾತ್ರ ಓಡುತ್ತಿರುವಾಗ ಆ ಪೈಪ್ ಮುಟ್ಟಲೇಬಾರದು. ಒಳಗಿನ ಡೀಸೆಲ್ ಒತ್ತಡ ಸಾವಿರ ಬಾರ್ ದಾಟಬಹುದು. ಕೂದಲೆಳೆಯಷ್ಟು ಧಾರೆ ಚಿಮ್ಮಿದರೂ ಚರ್ಮ ಸೀಳಿ ಮಾಂಸದೊಳಗೆ ನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಬೆರಳೇ ಕೊಳೆಯುತ್ತದೆ. ಹಾಗೇನಾದರೂ ಆದರೆ ನೋವಿಲ್ಲ ಅಂತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೋಗಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.